ಗಡಿಯಾರ ನೋಡಿ ಉಣ್ಣುವುದು: ಇನ್ಸುಲಿನೋಮಾ ಇದ್ದವರ ಮನೆಯ ಅಡುಗೆ

ಇನ್ಸುಲಿನೋಮಾ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಗಡ್ಡೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವಷ್ಟು ಅಪರೂಪ. ಹತ್ತರಲ್ಲಿ ಒಂಬತ್ತು ಗಡ್ಡೆಗಳು ಕ್ಯಾನ್ಸರ್ ಅಲ್ಲ. ಹೆಚ್ಚಿನವು 2 ಸೆಂ.ಮೀ. ಒಳಗೆ, ಸುಲಿದ ಅಡಿಕೆಯಷ್ಟೂ ಇರುವುದಿಲ್ಲ. ಆದರೆ ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಅದು ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಸರಿಯಿರುವ ದೇಹದಲ್ಲಿ ರಕ್ತದ ಸಕ್ಕರೆ ಇಳಿದೊಡನೆ ಇನ್ಸುಲಿನ್ ನಿಲ್ಲುತ್ತದೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ. ಇಲ್ಲಿ ಇನ್ಸುಲಿನ್ ನಿಲ್ಲುವುದೇ ಇಲ್ಲವಾದ್ದರಿಂದ ಆ ಕಣಜದ ಬಾಗಿಲು ತೆರೆಯುವುದಿಲ್ಲ. ಹಸಿದಾಗ ಮಿದುಳಿಗೆ ಬದಲಿ ಇಂಧನವಾಗಬೇಕಾದ ಕೀಟೋನ್‌ಗಳನ್ನೂ ಅದೇ ಇನ್ಸುಲಿನ್ ತಡೆಯುತ್ತದೆ. ಆದ್ದರಿಂದ ಈ ಕಾಯಿಲೆಯಲ್ಲಿ ಏನು ತಿಂದರು ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ತಿಂದು ಎಷ್ಟು ಹೊತ್ತಾಯಿತು ಎಂದು.

ರೋಗ ಗೊತ್ತಾದ ದಿನದಿಂದ ಗಡ್ಡೆ ತೆಗೆಸುವ ತನಕ ಶಿರಸಿಯ ಮನೆಯೊಂದರಲ್ಲಿ ಈ ಆಹಾರಕ್ರಮ ನಡೆಸಿದವರು ನಾವು. ಕೆಳಗಿನ ಅಳತೆಗಳು ವೈದ್ಯರು ಮತ್ತು ಆಹಾರತಜ್ಞರ ಜೊತೆ ಕೂತು, ದಿನಕ್ಕೆ ಎಂಟು ಹತ್ತು ಸಲ ಬೆರಳು ಚುಚ್ಚಿ ನೋಡಿ ಹೊಂದಿಸಿಕೊಂಡವು. ಬೇರೆ ಮೈಗೆ ಬೇರೆ ಅಳತೆ ಬೇಕಾಗುತ್ತದೆ. ಕ್ರಮ ಮಾತ್ರ ಇದೇ.

ರೋಗ ಪತ್ತೆಯಾಗುವುದಕ್ಕೇ ಇಲ್ಲಿ ವರ್ಷಗಳು ಹಿಡಿಯುತ್ತವೆ. ಬೆಳಗಿನ ಜಾವ ಎಬ್ಬಿಸಿದರೆ ಏನೇನೋ ಮಾತಾಡುವುದು, ತೋಟದಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ದಿಕ್ಕು ತಪ್ಪುವುದು, ಕಾರಣವಿಲ್ಲದೆ ಸಿಟ್ಟು, ಬೆವರು, ಕಣ್ಣು ಮಂಜು, ಕೆಲವೊಮ್ಮೆ ಮೂರ್ಛೆ. ಒಬ್ಬರು ಅಪಸ್ಮಾರ ಎನ್ನುತ್ತಾರೆ, ಇನ್ನೊಬ್ಬರು ಮನಸ್ಸಿನ ಕಾಯಿಲೆ ಎನ್ನುತ್ತಾರೆ, ಮೈಮೇಲೆ ಬಂದಿದೆ ಎಂದು ನಿಂಬೆಹಣ್ಣು ಮಂತ್ರಿಸುವವರೂ ಇದ್ದಾರೆ. ಇಂಥ ಹೊತ್ತಿನಲ್ಲಿ ಒಂದು ಹನಿ ರಕ್ತ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಲಕ್ಷಣ ಇರಬೇಕು, ಆಗಲೇ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಕೊಟ್ಟರೆ ಲಕ್ಷಣ ಹೋಗಬೇಕು. ಈ ಮೂರನ್ನೂ ಕೂಡಿಸಿ ವಿಪಲ್ ತ್ರಯ ಎನ್ನುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ಗರಿಷ್ಠ 72 ತಾಸು ಉಪವಾಸ ಇರಿಸಿ, ಸಕ್ಕರೆ 55ಕ್ಕಿಂತ (ಇಲ್ಲಿಯ ಸಕ್ಕರೆಯ ಅಂಕಿಗಳೆಲ್ಲ ಮಿ.ಗ್ರಾಂ/ಡೆಸಿಲೀಟರ್ ಲೆಕ್ಕದವು) ಕೆಳಗಿಳಿದಾಗ ಇನ್ಸುಲಿನ್ನನ್ನೂ, ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬೀಳುವ ಸಿ-ಪೆಪ್ಟೈಡನ್ನೂ ಅಳೆಯುತ್ತಾರೆ. ಸಕ್ಕರೆ ಅಷ್ಟು ಕೆಳಗಿರುವಾಗ ಇನ್ಸುಲಿನ್ 3 ಮೈಕ್ರೊಯೂನಿಟ್/ಮಿ.ಲೀ. ಅಥವಾ ಅದಕ್ಕಿಂತ ಮೇಲೆ, ಸಿ-ಪೆಪ್ಟೈಡ್ 0.6 ನ್ಯಾನೊಗ್ರಾಂ/ಮಿ.ಲೀ. ಅಥವಾ ಅದಕ್ಕಿಂತ ಮೇಲೆ ಇದ್ದರೆ ಇನ್ಸುಲಿನ್ ಒಳಗಿನಿಂದಲೇ ಬರುತ್ತಿದೆ ಎಂದರ್ಥ. ಈ ಉಪವಾಸ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡುವ ಯೋಚನೆಯೂ ಬೇಡ.

ಎಲ್ಲರೂ ಎಡವುವುದು ಸಿಹಿಯ ವಿಷಯದಲ್ಲಿ. ಸಕ್ಕರೆ ಕಡಿಮೆ ಆಗ್ತದೆ ಎಂದು ಕೇಳಿದೊಡನೆ ಬಂದವರೆಲ್ಲ ಹೇಳುವ ಮಾತು ಒಂದೇ: ‘ಒಂಚೂರು ಬೆಲ್ಲ ತಿನ್ನು, ಸರಿ ಆಗ್ತು.’ ಪ್ರೀತಿಯಿಂದಲೇ ಹೇಳುತ್ತಾರೆ. ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ, ಹತ್ತು ಗಂಟೆಗೆ ಪಾನಕ, ಆಲೆಮನೆಯ ದಿನಗಳಲ್ಲಿ ಎರಡೆರಡು ಲೋಟ ಕಬ್ಬಿನಹಾಲು. ಇವು ಸಕ್ಕರೆಯನ್ನು ಸರ್ರನೆ ಏರಿಸುತ್ತವೆ. ಅನೇಕ ಗಡ್ಡೆಗಳು ಆ ಏರಿಕೆಗೆ ಇನ್ನಷ್ಟು ಇನ್ಸುಲಿನ್ ಸುರಿದು ಉತ್ತರಿಸುತ್ತವೆ, ಒಂದೂವರೆ ಎರಡು ತಾಸಿನಲ್ಲಿ ಸಕ್ಕರೆ ಮೊದಲಿಗಿಂತ ಕೆಳಗೆ ಬೀಳುತ್ತದೆ. ಬಿದ್ದಿತೆಂದು ಮತ್ತೆ ಬೆಲ್ಲ. ದಿನವಿಡೀ ಈ ಏರಿಳಿತದಲ್ಲಿ ಕಳೆದು, ತಿಂಗಳೊಪ್ಪತ್ತಿನಲ್ಲಿ ತೂಕ ನಾಲ್ಕೈದು ಕೆ.ಜಿ. ಏರಿರುತ್ತದೆ. ನಮ್ಮ ಮನೆಯಲ್ಲಿ ಸಿಹಿಗೆ ಒಂದೇ ಜಾಗ, ಅದು ಔಷಧದ ಡಬ್ಬಿ.

ಆ ಔಷಧ ಕೊಡುವ ಕ್ರಮ ಹೀಗೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಗ್ಲುಕೋಸ್ ಪುಡಿ, ಅರ್ಧ ಲೋಟ ನೀರಿನಲ್ಲಿ. ಚಮಚದ ಲೆಕ್ಕ ಮನೆಯಿಂದ ಮನೆಗೆ ಬದಲಾಗುತ್ತದೆ; ಅಡುಗೆಯ ತಕ್ಕಡಿಯಲ್ಲಿ ತೂಗಿ 15 ಗ್ರಾಮಿನ ಪೊಟ್ಟಣ ಕಟ್ಟಿಡುವುದು ಒಳ್ಳೆಯದು. ಹಾಸಿಗೆಯ ಪಕ್ಕ ಎರಡು, ಅಡುಗೆಮನೆಯಲ್ಲಿ ಎರಡು, ಪ್ರತಿ ಚೀಲದಲ್ಲಿ ಎರಡು, ತೋಟಕ್ಕೆ ಹೋಗುವಾಗ ಅಂಗಿಯ ಕಿಸೆಯಲ್ಲಿ ಒಂದು. ಪುಡಿ ಇಲ್ಲದಿದ್ದರೆ ನಾಲ್ಕು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ. ಬೆಲ್ಲ, ಜೇನುತುಪ್ಪದಲ್ಲಿ ಅರ್ಧದಷ್ಟು ಫ್ರಕ್ಟೋಸ್ ಇರುವುದರಿಂದ ಶುದ್ಧ ಗ್ಲುಕೋಸಿಗಿಂತ ನಿಧಾನ. ಚಾಕಲೇಟು, ಹೋಳಿಗೆ, ಲಾಡು ಈ ಹೊತ್ತಿಗೆ ಕೆಲಸಕ್ಕೆ ಬಾರವು, ಅವುಗಳ ಜಿಡ್ಡು ಸಕ್ಕರೆಯನ್ನು ಹೊಟ್ಟೆಯಲ್ಲೇ ತಡೆದಿಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಇನ್ನೂ 70 ದಾಟದಿದ್ದರೆ ಮತ್ತೆ 15 ಗ್ರಾಂ. ದಾಟಿದ ಕೂಡಲೇ ಹೆಚ್ಚಿನವರು ಮರೆಯುವ ಕೆಲಸವೊಂದಿದೆ: ನಿಧಾನಕ್ಕೆ ಕರಗುವ ತಿಂಡಿಯೊಂದನ್ನು ಕೊಡಬೇಕು. ಒಂದು ಲೋಟ ಹಾಲು ಮತ್ತು ಒಂದು ಹಿಡಿ ಶೇಂಗಾ, ಅಥವಾ ಬೇಯಿಸಿದ ಕಡಲೆ, ಅಥವಾ ಒಂದು ಚಪಾತಿಗೆ ಪಲ್ಯ. ಗ್ಲುಕೋಸ್ ಕೊಟ್ಟು ಅಲ್ಲಿಗೇ ಬಿಟ್ಟರೆ ಒಂದು ತಾಸಿನೊಳಗೆ ಮತ್ತೆ ಅದೇ ಸ್ಥಿತಿ.

54ಕ್ಕಿಂತ ಕೆಳಗಿದ್ದರೆ ಮಿದುಳಿಗೆ ಏಟು ಬೀಳತೊಡಗಿದೆ ಎಂದು ತಿಳಿಯಬೇಕು. ಆಗ ರೋಗಿಯ ಮಾತು ಕೇಳಬಾರದು. ‘ನಂಗೆ ಎಂತೂ ಆಜಿಲ್ಲೆ’ (ನನಗೇನೂ ಆಗಿಲ್ಲ) ಎಂದು ಲೋಟ ದೂಡುವುದೂ ಲಕ್ಷಣವೇ. ನುಂಗುತ್ತಿದ್ದಾರೆ ಎಂದರೆ ಗುಟುಕು ಗುಟುಕಾಗಿ ಕುಡಿಸಿ. ಎಚ್ಚರ ತಪ್ಪಿದ್ದರೆ, ಮೈ ಸೆಟೆದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಬಂದವರಿಗೆ ಮೊದಲು ಹೇಳಬೇಕಾದದ್ದು ‘ಇನ್ಸುಲಿನೋಮಾ, ಸಕ್ಕರೆ ಇಳಿದಿದೆ, ಡೆಕ್ಸ್‌ಟ್ರೋಸ್ ಬೇಕು’ ಎಂದು. ಇದನ್ನು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿಟ್ಟಿದ್ದೇವೆ, ಮನೆಯಲ್ಲಿ ಆಗ ಯಾರಿರುತ್ತಾರೋ ಯಾರಿಗೆ ಗೊತ್ತು. ಸಕ್ಕರೆ ಏರಿಸಲು ಕೊಡುವ ಗ್ಲುಕಗಾನ್ ಚುಚ್ಚುಮದ್ದು ಈ ಕಾಯಿಲೆಯಲ್ಲಿ ಗಡ್ಡೆಯನ್ನೇ ಕೆರಳಿಸಿ ಆಮೇಲೆ ಸಕ್ಕರೆಯನ್ನು ಇನ್ನೂ ಇಳಿಸಬಲ್ಲದು, ಅದರ ತೀರ್ಮಾನ ವೈದ್ಯರದ್ದು.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಪದೇ ಪದೇ ಸಕ್ಕರೆ ಇಳಿದವರಿಗೆ ಬೆವರು, ನಡುಕ, ಎದೆಬಡಿತ ಎಂಬ ಮುನ್ಸೂಚನೆಗಳೇ ಮಂಕಾಗುತ್ತವೆ. ನೇರವಾಗಿ ಗೊಂದಲಕ್ಕೆ ಜಾರುತ್ತಾರೆ. ಅದಕ್ಕೇ ‘ಸುಸ್ತಾದರೆ ತಿನ್ನುತ್ತೇನೆ’ ಎಂಬ ಕ್ರಮ ನಡೆಯುವುದಿಲ್ಲ. ಸುಸ್ತಿರಲಿ ಇಲ್ಲದಿರಲಿ, ಹೊತ್ತಾದರೆ ತಿನ್ನಬೇಕು.

ನಮ್ಮ ಹೊತ್ತುಗಳು ಇವು: ಬೆಳಿಗ್ಗೆ 6, 8.30, 11, ಮಧ್ಯಾಹ್ನ 1.30, 4, ಸಂಜೆ 6.30, ರಾತ್ರಿ 9, ಮಲಗುವಾಗ 11, ನಡುರಾತ್ರಿ 2.30. ಎರಡು ಹೊತ್ತಿನ ನಡುವೆ ಎರಡೂವರೆ ತಾಸು, 9ರಿಂದ 11ಕ್ಕೆ ಎರಡು, ಮಲಗಿದ ಮೇಲೆ ಮಾತ್ರ ಮೂರೂವರೆ. ಪ್ರತಿ ಹೊತ್ತಿಗೂ 20ರಿಂದ 35 ಗ್ರಾಂ ಪಿಷ್ಟ, ಅದರ ಜೊತೆ 7ರಿಂದ 15 ಗ್ರಾಂ ಪ್ರೋಟೀನು, ಸ್ವಲ್ಪ ಜಿಡ್ಡು. ಪಿಷ್ಟ ಒಂಟಿಯಾಗಿ ಹೋಗಬಾರದು. ಕಾಳು, ಮೊಟ್ಟೆ, ಮೀನು, ಮೊಸರು, ಕಾಯಿತುರಿ, ತುಪ್ಪ, ಏನಾದರೊಂದು ಅದನ್ನು ಹಿಡಿದು ನಿಲ್ಲಿಸಬೇಕು.

ಬೆಳಗಿನ 6ರ ಹೊತ್ತು ಮಲೆನಾಡಿನ ಮನೆಗಳಲ್ಲಿ ತುಸು ಜಗಳದ್ದು. ಸ್ನಾನ, ಮಡಿ, ದೇವರ ಪೂಜೆ ಮುಗಿದ ಮೇಲೆ ತಿಂಡಿ ಎಂಬುದು ಹಿರಿಯರಿಗೆ ಮೈಗೂಡಿದ ಕ್ರಮ. ಆದರೆ ರಾತ್ರಿಯ ಉಪವಾಸದ ತುದಿ ಅದೇ ಹೊತ್ತು, ದಿನದ ಅತಿ ಕೆಳಗಿನ ಅಂಕಿ ಬರುವುದೂ ಆಗಲೇ. ಹಾಸಿಗೆಯಿಂದ ಏಳುವ ಮೊದಲೇ ಅಳೆಯಬೇಕು. 70ರ ಮೇಲಿದ್ದರೆ ಒಂದು ಲೋಟ ಹಾಲು, ನಾಲ್ಕು ಬಾದಾಮಿ, ಒಂದು ಸಣ್ಣ ಯಾಲಕ್ಕಿ ಬಾಳೆಹಣ್ಣು. ಸ್ನಾನ ಆಮೇಲೆ. ಬಿಸಿನೀರಿನ ಸ್ನಾನದ ಬಚ್ಚಲಿನಲ್ಲಿ ಕುಸಿಯುವುದಕ್ಕಿಂತ ದೇವರು ಸ್ವಲ್ಪ ಕಾಯುವುದು ಮೇಲು ಎಂದು ಮನೆಯ ಅಜ್ಜಿಯೇ ಒಪ್ಪಿದರು.

ತಿಂಡಿಗೆ ಬರೀ ಅಕ್ಕಿಯ ತೆಳ್ಳೇವು (ತೆಳು ದೋಸೆ) ಬೇಗ ಕರಗುತ್ತದೆ. ಅದಕ್ಕೇ ಅಕ್ಕಿಯ ಪಾಲು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ಹೆಸರುಕಾಳು, ಉದ್ದು, ಸ್ವಲ್ಪ ಮೆಂತೆ ನೆನೆಸಿ ರುಬ್ಬಿದ ದೋಸೆ ಎರಡು, ಜೊತೆಗೆ ಬೆಲ್ಲದ ಬದಲು ಕಾಯಿಚಟ್ನಿ. ಅವಲಕ್ಕಿಯಾದರೆ ದಪ್ಪದ್ದು, ಶೇಂಗಾ ಮತ್ತು ಮೊಳಕೆಕಾಳು ಹಾಕಿ ಒಗ್ಗರಿಸಿದ್ದು. ಹಾಲು ಬೆಲ್ಲ ಕಲಸಿದ್ದಲ್ಲ. ರಾಗಿಯ ಬಗ್ಗೆ ಎಲ್ಲರಿಗೂ ದೊಡ್ಡ ನಂಬಿಕೆ. ಗಟ್ಟಿ ರೊಟ್ಟಿ ಪರವಾಗಿಲ್ಲ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ತೆಳ್ಳನೆ ಅಂಬಲಿ ಕುಡಿದರೆ ನಮ್ಮ ಮೀಟರಿನಲ್ಲಿ ಬಿಳಿ ಅನ್ನದಷ್ಟೇ ಬೇಗ ಏರಿ ಇಳಿದಿದೆ. ಹಿಟ್ಟು ನುಣ್ಣಗಾದಷ್ಟೂ, ಬೆಂದಷ್ಟೂ, ನೀರಾದಷ್ಟೂ ಕರಗುವ ವೇಗ ಜಾಸ್ತಿ. ಇದನ್ನೊಂದು ತಿಳಿದುಕೊಂಡರೆ ಯಾವ ಅಡುಗೆಯನ್ನೂ ತೂಗಿ ನೋಡಬಹುದು.

ಮಧ್ಯಾಹ್ನದ ಅನ್ನಕ್ಕೆ ಬೆಳ್ತಿಗೆ ಬಿಟ್ಟು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ಅದರ ಪಿಷ್ಟ ಬಿಗಿದುಕೊಳ್ಳುವುದರಿಂದ ನಿಧಾನ ಕರಗುತ್ತದೆ. ಬೆಂದ ಅನ್ನ 150 ಗ್ರಾಂ ಎಂದರೆ ಹತ್ತಿರ ಹತ್ತಿರ 40 ಗ್ರಾಂ ಪಿಷ್ಟ; ನಾವು 120 ಗ್ರಾಮಿಗೆ ನಿಲ್ಲಿಸಿ, ಕಾಲು ಬಟ್ಟಲು ಕಾಳು ಸೇರಿಸುತ್ತೇವೆ. ಹುರುಳಿಯ ಕಟ್ಟಿನ ಸಾರು ರುಚಿಗೆ ಸರಿ, ಆದರೆ ಹಿಡಿದು ನಿಲ್ಲಿಸುವುದು ಕಾಳು, ಅದನ್ನು ದನದ ಕಲಗಚ್ಚಿಗೆ ಹಾಕದೆ ಉಸಲಿ ಮಾಡಬೇಕು. ಕಾರವಾರ, ಅಂಕೋಲೆ, ಕುಮಟೆಯ ಕಡೆಯವರಿಗೆ ಇದು ಇನ್ನೂ ಸುಲಭ. ಕುಚ್ಚಲಕ್ಕಿ ಗಂಜಿ ಅವರ ದಿನದ ಊಟ, ಬಂಗಡೆಯೋ ತಾರ್ಲೆಯೋ ಜೊತೆಗಿರುತ್ತದೆ. 100 ಗ್ರಾಂ ಬಂಗಡೆಯಲ್ಲಿ 18 ಗ್ರಾಮಿನಷ್ಟು ಪ್ರೋಟೀನು, ಒಳ್ಳೆಯ ಜಿಡ್ಡು. ಗಂಜಿಯ ತಿಳಿಯನ್ನೇ ಕುಡಿದು ಅಗುಳು ಬಿಡಬಾರದು, ಅಷ್ಟೇ. ಹಿಂದಿನ ದಿನದ ತಣ್ಣಗಾದ ಅನ್ನದಲ್ಲಿ ಪಿಷ್ಟದ ಒಂದಂಶ ಮತ್ತೆ ಗಟ್ಟಿಯಾಗಿ ಜೀರ್ಣಕ್ಕೆ ಸುಲಭವಾಗಿ ಸಿಕ್ಕದಂತಾಗುತ್ತದೆ. ತಂಗಳನ್ನಕ್ಕೆ ಮೊಸರು ಕಲಸಿ 11ರ ಹೊತ್ತಿಗೆ ಕೊಟ್ಟರೆ 1.30ರ ವರೆಗೆ ಚಿಂತೆಯಿಲ್ಲ. ಮಳೆಗಾಲದ ಸೆಕೆಯಲ್ಲಿ ಅನ್ನ ಬೇಗ ಹಳಸುತ್ತದೆ, ಫ್ರಿಜ್ಜಿನಲ್ಲಿಟ್ಟದ್ದನ್ನು ಮಾತ್ರ ಬಳಸಿ. ಸಂಜೆಯ ಹೊತ್ತುಗಳಿಗೆ ಬೇಯಿಸಿದ ಕಡಲೆ ಅರ್ಧ ಬಟ್ಟಲು, ಅಥವಾ ಎರಡು ಇಡ್ಲಿಗೆ ಒಂದು ಮೊಟ್ಟೆ. ರಾತ್ರಿಗೆ ಎರಡು ಚಪಾತಿ, ಪಲ್ಯ, ಮೊಸರು.

ಹಗಲು ಹೇಗೋ ನಡೆದೀತು. ಕಷ್ಟ ಇರುವುದು ರಾತ್ರಿ. ಅಲ್ಲಿ ನಮಗೆ ಕೈಹಿಡಿದದ್ದು ಬೇಯಿಸದ ಕಾರ್ನ್‌ಫ್ಲೋರ್, ಅಂದರೆ ಗೋವಿನಜೋಳದ ಪಿಷ್ಟದ ಪುಡಿ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಬಳಸಲಾಗದ ಜನ್ಮಜಾತ ಕಾಯಿಲೆಯ ಮಕ್ಕಳಿಗಾಗಿ 1984ರಲ್ಲಿ ಪ್ರಕಟವಾದ ಪದ್ಧತಿ ಇದು. ಹಸಿ ಪಿಷ್ಟದ ಹರಳುಗಳು ಬಿಗಿಯಾಗಿರುತ್ತವೆ, ಕರುಳಿನ ರಸ ಅವನ್ನು ಹೊರಗಿನಿಂದ ಸ್ವಲ್ಪ ಸ್ವಲ್ಪವೇ ಕರಗಿಸುತ್ತ ಗ್ಲುಕೋಸನ್ನು ತೊಟ್ಟಿಕ್ಕಿಸುತ್ತದೆ. ಬೇಯಿಸಿದರೆ ಹರಳು ಒಡೆದು ಎಲ್ಲವೂ ಒಮ್ಮೆಲೇ ಕರಗುತ್ತದೆ. ಆದ್ದರಿಂದ ಬಿಸಿಹಾಲಿಗೆ ಹಾಕಿದರೆ ಮುಗಿಯಿತು, ಅದು ಗಂಜಿ, ಅದರಿಂದ ರಾತ್ರಿ ದಾಟುವುದಿಲ್ಲ. ಉಗುರುಬೆಚ್ಚಗೂ ಬೇಡ, ತಣ್ಣಗಿನ ನೀರು ಅಥವಾ ಕಾಯಿಸಿ ಪೂರ್ತಿ ಆರಿಸಿದ ಹಾಲು. ಸಕ್ಕರೆ ಬೆರೆಸಬಾರದು, ಇನ್ಸುಲಿನ್ ಏರುತ್ತದೆ. ಲಿಂಬೆ, ಮುರುಗಲ ರಸವೂ ಬೇಡ, ಹುಳಿಯೂ ಪಿಷ್ಟವನ್ನು ಒಡೆಯುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ನೋಡಿಕೊಳ್ಳಿ. ಬೇಕಾದದ್ದು ಅಚ್ಚಬಿಳಿ, ಕೈಯಲ್ಲಿ ಒತ್ತಿದರೆ ಕಿರುಗುಟ್ಟುವ ಪುಡಿ. ಗೋವಿನಜೋಳದ ಹಳದಿ ಹಿಟ್ಟು ಬೇರೆ, ಕಸ್ಟರ್ಡ್ ಪುಡಿ ಬೇರೆ. ಒಮ್ಮೆ ಕೆಲಸಕ್ಕೆ ಬಂದ ಕಂಪನಿಯ ಪುಡಿಯನ್ನೇ ಮುಂದುವರಿಸಿ; ಬದಲಿಸಿದರೆ ಮೊದಲ ಎರಡು ರಾತ್ರಿ ಹೆಚ್ಚು ಸಲ ಅಳೆಯಿರಿ. 10 ಗ್ರಾಮಿನಿಂದ ಶುರು ಮಾಡಿ ವಾರದಲ್ಲಿ 30 ಗ್ರಾಮಿಗೆ ಏರಿಸಿದೆವು. ಒಮ್ಮೆಲೇ 30 ಕೊಟ್ಟರೆ ಹೊಟ್ಟೆಯುಬ್ಬರ, ವಾಯು, ಬೇಧಿ. 30 ಗ್ರಾಂ ಪುಡಿಗೆ 100 ಮಿ.ಲೀ. ಹಾಲು, ಚಮಚದಲ್ಲಿ ಕದಡಿ ಆಗಲೇ ಕುಡಿಯಬೇಕು. ನಿಮಿಷ ಬಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ, ಕುಡಿದವರು ಮೇಲಿನ ಹಾಲು ಮಾತ್ರ ಕುಡಿದಿರುತ್ತಾರೆ. ನಮಗೆ ಎರಡು ರಾತ್ರಿ ಲೆಕ್ಕ ತಪ್ಪಿದ್ದು ಹೀಗೇ. ಆಮೇಲಿಂದ ಅದೇ ಲೋಟಕ್ಕೆ ಇನ್ನೆರಡು ಗುಟುಕು ನೀರು ಹಾಕಿ ತೊಳೆದು ಅದನ್ನೂ ಕುಡಿಸುವ ರೂಢಿ. 11ಕ್ಕೆ ಕೊಟ್ಟರೆ 2.30ರ ತನಕ 80ರ ಆಸುಪಾಸು ನಿಲ್ಲುತ್ತದೆ. 2.30ಕ್ಕೆ ಇನ್ನೊಮ್ಮೆ ಕೊಟ್ಟರೆ ಬೆಳಗಿನ 6. ಗ್ಲೈಕೋಜನ್ ಕಾಯಿಲೆಯವರಿಗೆ ಇದೇ ಪುಡಿ ಇನ್ನೂ ಹೆಚ್ಚು ಹೊತ್ತು ನಿಲ್ಲುವುದುಂಟು. ಇಲ್ಲಿ ಗಡ್ಡೆ ಸುಮ್ಮನಿರುವುದಿಲ್ಲ, ಅದಕ್ಕೇ ಕಡಿಮೆ. ಅಲಾರಂ ಎರಡು ಇಡಿ, ಒಂದು ರೋಗಿಯದ್ದು, ಒಂದು ಬೇರೆ ಕೋಣೆಯವರದ್ದು. ಸಕ್ಕರೆ ಇಳಿದವರಿಗೆ ಅಲಾರಂ ಕೇಳಿಸುವುದಿಲ್ಲ.

ಅಳೆಯುವ ವಿಷಯದಲ್ಲಿ ನಮ್ಮ ಹವೆಯನ್ನು ಗಮನದಲ್ಲಿಡಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಇಲ್ಲಿ ಬೆಂಕಿಪೊಟ್ಟಣವೇ ಮೆತ್ತಗಾಗುತ್ತದೆ, ಸ್ಟ್ರಿಪ್ಪಿನ ಗತಿ ಕೇಳಬೇಕೆ. ಅದರ ಮೇಲಿನ ಕಿಣ್ವ ತೇವಕ್ಕೆ ಕೆಡುತ್ತದೆ. ಸ್ಟ್ರಿಪ್ಪುಗಳನ್ನು ಅವುಗಳ ಡಬ್ಬಿಯಲ್ಲೇ ಇಡಿ, ಒಂದನ್ನು ತೆಗೆದ ತಕ್ಷಣ ಮುಚ್ಚಳ ಒತ್ತಿ, ಆ ಡಬ್ಬಿಯನ್ನು ಗಾಳಿಯಾಡದ ಸ್ಟೀಲು ಡಬ್ಬಿಯೊಳಗಿಡಿ. ಫ್ರಿಜ್ಜಿನಲ್ಲಿಡಬೇಡಿ, ಹೊರತೆಗೆದಾಗ ಒಳಗೆ ಬೆವರುತ್ತದೆ. ಬೆರಳನ್ನು ಸಾಬೂನು ಹಾಕಿ ತೊಳೆದು ಪೂರ್ತಿ ಒರೆಸಿ. ಮಾವಿನಹಣ್ಣು ಸುಲಿದ ಬೆರಳನ್ನೇ ಚುಚ್ಚಿದರೆ 60 ಇರುವ ಸಕ್ಕರೆ 140 ಎಂದು ತೋರಿಸೀತು, ಈ ಕಾಯಿಲೆಯಲ್ಲಿ ಆ ಸುಳ್ಳು ದುಬಾರಿ. ಮನೆಯ ಮೀಟರಿನಲ್ಲಿ 15 ಅಂಕಿಯ ಹೆಚ್ಚುಕಡಿಮೆ ಸಹಜ. ಆದ್ದರಿಂದ 72 ಬಂದು ಲಕ್ಷಣವೂ ಇದ್ದರೆ ಲಕ್ಷಣವನ್ನೇ ನಂಬಿ. ತೋಳಿಗೆ ಅಂಟಿಸುವ ಸೆನ್ಸರ್ ರಾತ್ರಿಗೆ ದೊಡ್ಡ ಆಸರೆ. ಅದು ತೋರಿಸುವುದು ರಕ್ತದ ಸಕ್ಕರೆಗಿಂತ 5ರಿಂದ 15 ನಿಮಿಷ ಹಿಂದಿನದು, ಆ ತೋಳಿನ ಮೇಲೆ ಒರಗಿ ಮಲಗಿದರೆ ಸುಳ್ಳೇ ಇಳಿಕೆ ತೋರಿಸುತ್ತದೆ. ಕೂಗಿದಾಗ ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ಒಂದು ನೋಟುಪುಸ್ತಕ ಬೇಕು. ಹೊತ್ತು, ತಿಂದದ್ದು, ತೂಕ, ಎರಡು ತಾಸಿನ ಮೇಲಿನ ಅಂಕಿ. ಹದಿನೈದು ದಿನ ಬರೆದರೆ ಯಾವ ಅಡುಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಾನಾಗಿ ಕಾಣುತ್ತದೆ. ವೈದ್ಯರೂ ಮೊದಲು ಕೇಳುವುದು ಅದನ್ನೇ.

ಮನೆಯಿಂದ ಹೊರಗೆ ಹೆಚ್ಚು ತಪ್ಪುವುದು ಕಾರ್ಯದ ಮನೆಗಳಲ್ಲಿ. ಉಪನಯನ, ಮದುವೆಯ ಊಟಕ್ಕೆ ಎಲೆ ಹಾಕುವಾಗ ಎರಡು ಗಂಟೆ, ಎರಡೂವರೆ. ಹನ್ನೊಂದಕ್ಕೆ ಡಬ್ಬಿ ತೆಗೆದು ತಿನ್ನಲು ಸಂಕೋಚಪಡಬಾರದು. ಏಕಾದಶಿ, ಶ್ರಾವಣ ಸೋಮವಾರ, ಚೌತಿಯ ಒಪ್ಪತ್ತು ಯಾವುದೂ ಇಲ್ಲ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವುದಾದರೆ 2.30ರ ಪುಡಿಯೂ ತಣ್ಣೀರೂ ಜೊತೆಗೆ ಹೋಗಬೇಕು. ಕೊನೆಕೊಯ್ಲು, ಸೊಪ್ಪು ಹೊರುವುದು, ಗುಡ್ಡ ಹತ್ತುವುದಕ್ಕೆ ಮೊದಲು 15ರಿಂದ 20 ಗ್ರಾಂ ಪಿಷ್ಟ ಹೆಚ್ಚು, ಪ್ರತಿ ತಾಸಿಗೆ ಒಮ್ಮೆ ಅಳತೆ, ಒಬ್ಬರೇ ಹೋಗುವಂತಿಲ್ಲ. ಸ್ಕೂಟರು, ಕಾರು ಓಡಿಸುವಂತಿಲ್ಲ. ಮದ್ಯ ಯಾವುದೂ ಬೇಡ, ಯಕೃತ್ತು ಹೊಸದಾಗಿ ಸಕ್ಕರೆ ತಯಾರಿಸುವುದನ್ನು ಅದು ತಡೆಯುತ್ತದೆ.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಕರಾವಳಿಗೆ ಇಳಿಯಬೇಕಾದರೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಜರಿದೋ ರಸ್ತೆ ಕಟ್ಟುವುದು ಇಲ್ಲಿ ಹೊಸತಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಎರಡು ತಾಸಿನ ಪ್ರಯಾಣಕ್ಕೂ ಹನ್ನೆರಡು ತಾಸಿನ ಆಹಾರ ಕಟ್ಟಿಕೊಂಡೇ ಹೊರಡುತ್ತೇವೆ: ಹುರಿದ ಕಡಲೆ, ಶೇಂಗಾ, ಚಪಾತಿ, ತೂಗಿದ ಕಾರ್ನ್‌ಫ್ಲೋರಿನ ಪೊಟ್ಟಣ ಎರಡು, ಗ್ಲುಕೋಸಿನ ಪೊಟ್ಟಣ ನಾಲ್ಕು, ನೀರು. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರಿಗೆ ಅದರ ಮಾತ್ರೆಯನ್ನೂ ಕೇಳಿ ಇಟ್ಟುಕೊಳ್ಳಿ. ತಿಂದದ್ದು ಹೊರಬಂದರೆ ಲೆಕ್ಕವೆಲ್ಲ ಸೊನ್ನೆ. ವಾಂತಿ ಬೇಧಿ ಹಿಡಿದು ತಿಂದದ್ದು ನಿಲ್ಲದಿದ್ದರೆ ಮನೆಯಲ್ಲಿ ಕೂರಬಾರದು, ನೇರವಾಗಿ ಡ್ರಿಪ್ ಹಾಕಿಸಲು ಹೋಗಬೇಕು.

ಡಯಾಜಾಕ್ಸೈಡ್ ಎಂಬ ಮಾತ್ರೆ ಗಡ್ಡೆ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ, ಆದರೆ ಮೈಯಲ್ಲಿ ಉಪ್ಪುನೀರು ನಿಲ್ಲಿಸಿ ಕಾಲು ಬಾವು ತರುತ್ತದೆ. ಅದು ನಡೆಯುತ್ತಿರುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆ ಮಾಡಬೇಕು, ಬೆಳಿಗ್ಗೆ ತೂಕ ನೋಡಬೇಕು. ಎರಡು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಆಕ್ಟ್ರಿಯೋಟೈಡ್ ಚುಚ್ಚುಮದ್ದು ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಸಕ್ಕರೆಯನ್ನು ಇನ್ನೂ ಇಳಿಸುತ್ತದೆ, ಮೊದಲ ಸಲ ಆಸ್ಪತ್ರೆಯಲ್ಲೇ ಆಗಬೇಕು. ಬೇರೆ ಯಾವುದೇ ಕಾಯಿಲೆಗೆ ಔಷಧ ಕೊಡುವವರಿಗೆ ಈ ಗಡ್ಡೆಯ ವಿಷಯ ಹೇಳಲೇಬೇಕು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಪ್ರತಿಜೀವಕಗಳು ಸಕ್ಕರೆ ಇಳಿಸಬಲ್ಲವು, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ನಡುಕ ಎದೆಬಡಿತಗಳನ್ನು ಮುಚ್ಚಿಬಿಡುತ್ತದೆ.

ಆಹಾರದಿಂದ ಗಡ್ಡೆ ಕರಗುವುದಿಲ್ಲ. ಒಂಟಿ ಗಡ್ಡೆಯನ್ನು ಪೂರ್ತಿ ತೆಗೆದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ; 1929ರಲ್ಲೇ ಟೊರಾಂಟೊದಲ್ಲಿ ರಾಸ್ಕೊ ಗ್ರಹಾಂ ಇದನ್ನು ಮಾಡಿ ತೋರಿಸಿದ್ದರು. ಅಡುಗೆಮನೆಯ ಈ ಇಡೀ ದುಡಿಮೆ ಆ ದಿನದ ತನಕ ಮಿದುಳನ್ನು ಕಾಪಾಡುವುದಕ್ಕೆ. ಹಾಗಾಗಿ ಅಂಕಿಗಳು ಚೆನ್ನಾಗಿ ಬರತೊಡಗಿದವೆಂದು ಶಸ್ತ್ರಚಿಕಿತ್ಸೆ ಮುಂದೂಡಬಾರದು. ಆಪರೇಷನ್ನಿನ ಹಿಂದಿನ ರಾತ್ರಿ ‘ಹತ್ತರ ಮೇಲೆ ಏನೂ ತಿನ್ನಬೇಡಿ’ ಎಂಬ ಸಾಮಾನ್ಯ ಸೂಚನೆ ಇವರಿಗೆ ಹೊಂದುವುದಿಲ್ಲ. ಉಪವಾಸ ಶುರುವಾಗುವ ಮೊದಲೇ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿರಬೇಕು, ತಾಸಿಗೊಮ್ಮೆ ಅಳೆಯಬೇಕು. ವಾರ್ಡಿನಲ್ಲಿ ಪಾಳಿ ಬದಲಾದಾಗಲೆಲ್ಲ ಹೊಸದಾಗಿ ಬಂದ ಸಿಸ್ಟರಿಗೆ ನಾವೇ ಇದನ್ನು ನೆನಪಿಸಿದ್ದೇವೆ.

ಗಡ್ಡೆ ತೆಗೆದ ಮೇಲೆ ಸಕ್ಕರೆ 200 ದಾಟಿದರೆ ಗಾಬರಿ ಬೇಡ. ಇಷ್ಟು ದಿನ ಗಡ್ಡೆಯೇ ಎಲ್ಲ ಮಾಡುತ್ತಿದ್ದರಿಂದ ಉಳಿದ ಒಳ್ಳೆಯ ಜೀವಕೋಶಗಳು ಮಲಗಿರುತ್ತವೆ, ಎದ್ದು ಕೆಲಸ ಹಿಡಿಯಲು ಕೆಲವು ದಿನ, ಕೆಲವೊಮ್ಮೆ ವಾರಗಳು ಬೇಕು. ಆ ದಿನಗಳಲ್ಲಿ ಹಳೆಯ ರೂಢಿಯಂತೆ ಎರಡೂವರೆ ತಾಸಿಗೊಮ್ಮೆ ತಿನ್ನಿಸಬಾರದು. ಮೊದಲು ನಿಲ್ಲುವುದು ನಡುರಾತ್ರಿಯ ಕಾರ್ನ್‌ಫ್ಲೋರ್, ಆಮೇಲೆ 11ರದ್ದು, ಆಮೇಲೆ ಹಗಲಿನ ನಡುಹೊತ್ತುಗಳು. 2.30ರ ಅಲಾರಂ ಮಾತ್ರ ಇನ್ನೊಂದು ತಿಂಗಳು ಇರಲಿ, ತಿನ್ನಿಸುವುದಕ್ಕಲ್ಲ, ಅಳೆಯುವುದಕ್ಕೆ.